ಪದವಿಯಿಲ್ಲದ ರಾಜ್ಯಶಾಸ್ತ್ರಜ್ಞ: ಡಿ.ವಿ.ಜಿ.

ಅರಸೀಕೆರೆಯ ಸುತ್ತಿನ ಶಾಲೆಗಳ ಮಕ್ಕಳು ಹಳೇಬೀಡು, ಬೇಲೂರುಗಳಿಗೆ ಪ್ರವಾಸ ಹೋಗಿಬರುವುದು ವಾಡಿಕೆ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯರನ್ನು ಮಕ್ಕಳು ಕತ್ತೆತ್ತಿ ನೋಡುವಾಗ, ಜೊತೆಗಿರುವ ಕನ್ನಡ ಪಂಡಿತರು ‘ಅಂತಃಪುರ ಗೀತೆ’ಯ ಹೆಸರನ್ನು ಹೇಳದೆ ಬಿಡುವುದಿಲ್ಲ. ಆ ಶಿಲಾಬಾಲಿಕೆಯರ ಒಂದೊಂದು ಭಂಗಿಗೂ ರಾಗತಾಳಸಹಿತವಾದ ಗೀತೆಯನ್ನು ಕಟ್ಟಿಕೊಟ್ಟವರು ಡಿ.ವಿ. ಗುಂಡಪ್ಪನವರು. ‘ಮಂಕುತಿಮ್ಮನ ಕಗ್ಗ’ದ ಕರ್ತೃಗಳೆಂದು ಅವರನ್ನು ಬಲ್ಲವರು ಮನೆಮನೆಯಲ್ಲಿ ಇದ್ದಾರೆ. ಆದರೆ ಈ ಕವಿಯ ಆಯುಷ್ಯದ ಬಹುಭಾಗವು ಸಂದದ್ದು ರಾಜ್ಯಶಾಸ್ತ್ರದ ವ್ಯಾಸಂಗದಲ್ಲಿ, ಸಾರ್ವಜನಿಕ ವಿಷಯಗಳ ವಿಮರ್ಶೆಯಲ್ಲಿ ಎಂಬ ಸಂಗತಿ ಅಷ್ಟಾಗಿ ಯಾರ ನೆನಪಿಗೂ ಬಾರದು. ಆ ಶಾಸ್ತ್ರವನ್ನು ಅವರು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ.

ಗುಂಡಪ್ಪನವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದರು. ತಂದೆ ವೆಂಕಟರಮಣಯ್ಯನವರು, ತಾಯಿ ಅಲಮೇಲಮ್ಮನವರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಅಲ್ಲಿಗೆ ವಿದ್ಯಾಲಯದ ಬಾಗಿಲು ಮುಚ್ಚಿತು. ಹೊಟ್ಟೆಪಾಡಿಗೆ ಬೆಂಗಳೂರಿಗೆ ಬಂದ ತರುಣನಿಗೆ ಮೊದಮೊದಲು ದೊರೆತ ಕೆಲಸಗಳಲ್ಲಿ ಜಟಕಾ ಬಂಡಿಗಳಿಗೆ ಬಣ್ಣ ಹಚ್ಚುವ ಕೆಲಸವೂ ಒಂದು. ಪರೀಕ್ಷೆಯಲ್ಲಿ ನಪಾಸಾದ ಹುಡುಗನನ್ನು ಇನ್ನು ಯಾವುದಕ್ಕೂ ಬಾರದವನೆಂದು ಕೈಬಿಡುವ ನಮ್ಮಂಥ ಉಪಾಧ್ಯಾಯರು ಈ ಭಾಗವನ್ನು ತುಸು ನಿಧಾನವಾಗಿ ಓದಬೇಕು.

ಅನಂತರ ಅವರ ಕೈಹಿಡಿದದ್ದು ವೃತ್ತಪತ್ರಿಕೆ. ಪತ್ರಿಕೆಯೇ ಅವರ ವಿಶ್ವವಿದ್ಯಾನಿಲಯವಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. 1908ರಲ್ಲಿ ಮೈಸೂರು ಸರ್ಕಾರವು ಪತ್ರಿಕೆಗಳನ್ನು ಹಿಡಿತದಲ್ಲಿಡಲು ಕಠಿಣ ನಿಬಂಧನೆಯನ್ನು ಜಾರಿಗೆ ತಂದಾಗ ಸಂಸ್ಥಾನದ ಹಲವು ಪತ್ರಿಕೆಗಳು ನಿಂತುಹೋದುವು. ಸರ್ಕಾರವೆಂದರೇನು, ಅದರ ಅಧಿಕಾರಕ್ಕೆ ಎಲ್ಲೆ ಯಾವುದು, ಪ್ರಜೆಗೆ ಮಾತನಾಡುವ ಹಕ್ಕು ಎಲ್ಲಿಂದ ಬಂದಿತು ಎಂಬ ಪ್ರಶ್ನೆಗಳು ಇಪ್ಪತ್ತೊಂದರ ಹರೆಯದ ಪತ್ರಿಕೋದ್ಯೋಗಿಗೆ ಪಠ್ಯಪುಸ್ತಕದಿಂದ ಬಂದವಲ್ಲ, ಅನ್ನದ ತಟ್ಟೆಯ ಮುಂದೆಯೇ ಬಂದು ನಿಂತವು. 1913ರಲ್ಲಿ ಅವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಅರ್ಧವಾರಪತ್ರಿಕೆಯನ್ನು ಆರಂಭಿಸಿದರು. ಸ್ವಂತ ಪರಿಶ್ರಮದಿಂದಲೇ ಇಂಗ್ಲಿಷನ್ನೂ ಸಂಸ್ಕೃತವನ್ನೂ ಸಾಧಿಸಿದ್ದ ಅವರ ಸಂಪಾದಕೀಯಗಳನ್ನು ದಿವಾನರೂ ಓದುವಂತಾಯಿತು.

ದೇಶೀಯ ಸಂಸ್ಥಾನಗಳ ಸಮಸ್ಯೆ ಅವರ ವಿಶೇಷ ವ್ಯಾಸಂಗದ ವಿಷಯ. ಬ್ರಿಟಿಷ್ ಇಂಡಿಯಾದ ಜನರಿಗೆ ಅಲ್ಪಸ್ವಲ್ಪವಾಗಿ ರಾಜಕೀಯ ಹಕ್ಕುಗಳು ದೊರೆಯುತ್ತಿದ್ದಾಗ, ಸಂಸ್ಥಾನಗಳ ಪ್ರಜೆಗಳ ಗತಿಯೇನು? 1927ರಲ್ಲಿ ನೇಮಕವಾದ ಬಟ್ಲರ್ ಸಮಿತಿಯ ಚಿಂತೆ ಮುಖ್ಯವಾಗಿ ಮಹಾರಾಜರಿಗೂ ಚಕ್ರಾಧಿಪತ್ಯಕ್ಕೂ ಇರುವ ಸಂಬಂಧವನ್ನು ಕುರಿತದ್ದು. ಸಂಸ್ಥಾನವೆಂದರೆ ಅರಸನೊಬ್ಬನೇ ಅಲ್ಲ, ಅಲ್ಲಿಯ ಪ್ರಜೆಗಳೂ ಭಾರತದ ಭಾವೀ ರಾಜ್ಯಾಂಗದಲ್ಲಿ ಪಾಲುಗಾರರು ಎಂಬುದು ಡಿ.ವಿ.ಜಿ.ಯವರ ವಾದ. ಅದನ್ನು ಅವರು ಲೇಖನ, ಗ್ರಂಥಗಳ ಮೂಲಕ ವರ್ಷಾನುಗಟ್ಟಲೆ ಮಂಡಿಸಿದರು. ಆದರೂ ಅವರದು ಮಂದಗಾಮಿ ಮಾರ್ಗ. ಅರಸೊತ್ತಿಗೆಯನ್ನು ಉಳಿಸಿಕೊಂಡೇ ಜವಾಬ್ದಾರಿ ಸರ್ಕಾರವನ್ನು ಪಡೆಯಬಹುದೆಂದು ನಂಬಿದ್ದರು. ಬೀದಿಯ ಚಳವಳಿಗಿಂತ ಶಾಸನಸಭೆಯ ವಾದದಲ್ಲಿ ಅವರಿಗೆ ಭರವಸೆ ಹೆಚ್ಚು. ತರುಣರಿಗೆ ಇದು ಹಿಡಿಸಲಿಲ್ಲ. 1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರ್ಕಾರ ದೊರೆತದ್ದು ಚಳವಳಿಯ ಬಲದಿಂದಲೇ ಎಂಬುದನ್ನು ಒಪ್ಪಬೇಕು. ಈ ಒಂದು ವಿಷಯದಲ್ಲಿ ಕಾಲವು ಅವರ ಲೆಕ್ಕಾಚಾರವನ್ನು ಮೀರಿ ನಡೆಯಿತೆಂದೇ ಈ ಲೇಖಕನ ಭಾವನೆ.

ನ್ಯಾಯವಿಧಾಯಕ ಸಭೆಯಲ್ಲಿ ಅವರು ಹಲವು ವರ್ಷ ಸದಸ್ಯರಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿಯೂ ಕುಳಿತರು. ಮೆಟ್ರಿಕ್ ದಾಟದವರು ಪದವೀಧರರ ವಿದ್ಯಾಭ್ಯಾಸದ ವಿಚಾರದಲ್ಲಿ ಸಲಹೆ ಕೊಡುವ ಸ್ಥಾನದಲ್ಲಿದ್ದರು!

ಗೋಪಾಲಕೃಷ್ಣ ಗೋಖಲೆಯವರು ಅವರಿಗೆ ಆದರ್ಶಪುರುಷರು. ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದರಲ್ಲದೆ, 1945ರ ಫೆಬ್ರವರಿಯಲ್ಲಿ ಆ ಹೆಸರಿನಿಂದಲೇ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಸ್ವಾತಂತ್ರ್ಯಕ್ಕೆ ಇನ್ನೂ ಎರಡು ವರ್ಷವಿತ್ತು. ಮುಂದೆ ಪ್ರಜೆಗಳ ಕೈಗೆ ಮತಾಧಿಕಾರ ಬಂದಾಗ ಅದನ್ನು ಅರಿತು ಚಲಾಯಿಸುವ ಶಿಕ್ಷಣ ಎಲ್ಲಿ ದೊರೆಯಬೇಕು ಎಂಬ ಆತಂಕವೇ ಅದರ ಮೂಲ. ಸಂಸ್ಥೆ ಯಾವ ಪಕ್ಷಕ್ಕೂ ಸೇರದಂತೆ ನೋಡಿಕೊಂಡರು. ಅಲ್ಲಿಯ ಅಧ್ಯಯನಗೋಷ್ಠಿಗಳಲ್ಲಿ ತರುಣರು ಅವರ ಸುತ್ತ ಕುಳಿತು ರಾಜ್ಯಾಂಗವನ್ನೂ, ಭಗವದ್ಗೀತೆಯನ್ನೂ, ಇಂಗ್ಲಿಷ್ ಮಹಾಕವಿಗಳನ್ನೂ ಓದಿದರು. ರಾಜ್ಯಶಾಸ್ತ್ರಕ್ಕೂ ಕಾವ್ಯಕ್ಕೂ ನಡುವೆ ಅವರು ಗೋಡೆ ಕಟ್ಟಲಿಲ್ಲ. ಬೇಲೂರಿನ ಶಿಲ್ಪವನ್ನು ಹಾಡಾಗಿಸಿದ ಲೇಖನಿಯೇ ‘ರಾಜ್ಯಶಾಸ್ತ್ರ’ವನ್ನೂ ‘ರಾಜ್ಯಾಂಗತತ್ತ್ವಗಳು’ ಎಂಬ ಗ್ರಂಥವನ್ನೂ ಬರೆಯಿತು. ಇಂಗ್ಲಿಷ್ ಬಾರದ ಗ್ರಾಮಸ್ಥನೂ ರಾಜ್ಯ, ಸರ್ಕಾರ, ಪೌರಧರ್ಮಗಳ ಅರ್ಥವನ್ನು ತನ್ನ ನುಡಿಯಲ್ಲಿಯೇ ತಿಳಿಯಲು ಆ ಗ್ರಂಥಗಳು ದಾರಿ ಮಾಡಿದವು.

ಮನೆಯ ಬದುಕು ಸುಖದ್ದಾಗಿರಲಿಲ್ಲ. ಪತ್ನಿ ಭಾಗೀರಥಮ್ಮನವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು, ಡಿ.ವಿ.ಜಿ.ಯವರು ಮರುಮದುವೆಯಾಗಲಿಲ್ಲ. ಹಣವನ್ನು ಕೂಡಿಡುವ ಕಲೆಯೂ ಅವರಿಗೆ ತಿಳಿದಿರಲಿಲ್ಲ.

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ಅವರಿಗೆ ನಿಧಿಯೊಂದನ್ನು ಸಮರ್ಪಿಸಲಾಯಿತು. ಆಗ ಅವರ ವಯಸ್ಸು ಎಂಬತ್ತಮೂರು. ಆ ಹಣವನ್ನು ಅವರು ಗೋಖಲೆ ಸಂಸ್ಥೆಗೆ ಒಪ್ಪಿಸಿಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂದಿತು. 1975ರ ಅಕ್ಟೋಬರ್ 7ರಂದು ಅವರು ಕಾಲವಶರಾದಾಗ ಸಂಸ್ಥೆಗೆ ಮೂವತ್ತು ವರ್ಷ ತುಂಬಿತ್ತು.