ಐನ್‌ಸ್ಟೈನ್ ಮತ್ತು ಗುರುತ್ವ ಅಲೆಗಳು

ಆಲ್ಬರ್ಟ್ ಐನ್‌ಸ್ಟೈನ್ 1879ರ ಮಾರ್ಚ್ 14ರಂದು ಜರ್ಮನಿಯ ಉಲ್ಮ್ ನಗರದಲ್ಲಿ ಜನಿಸಿದರು. ತಂದೆಗೆ ವಿದ್ಯುತ್ ಉಪಕರಣಗಳ ಉದ್ಯಮವಿತ್ತು, ಅದು ಕೈಹಿಡಿಯಲಿಲ್ಲ. 1895ರಲ್ಲಿ, 16ನೇ ವಯಸ್ಸಿನಲ್ಲಿ, ಜ್ಯೂರಿಚ್ ಪಾಲಿಟೆಕ್ನಿಕ್‌ನ ಪ್ರವೇಶ ಪರೀಕ್ಷೆ ಬರೆದು ಅನುತ್ತೀರ್ಣರಾದರು. ಅವರು ಗಣಿತದಲ್ಲಿ ದಡ್ಡರಾಗಿದ್ದರೆಂಬ ಕಥೆ ನಮ್ಮ ಶಾಲೆಗಳಲ್ಲಿ ಈಗಲೂ ಕೇಳಿಬರುತ್ತದೆ, ಅದು ನಿಜವಲ್ಲ. ಗಣಿತದಲ್ಲೂ ಭೌತಶಾಸ್ತ್ರದಲ್ಲೂ ಅವರ ಅಂಕಗಳು ಚೆನ್ನಾಗಿಯೇ ಇದ್ದವು. ಮರುವರ್ಷ ಪ್ರವೇಶ ದೊರೆಯಿತು. 1900ರಲ್ಲಿ ಪದವಿ ಸಿಕ್ಕಿತು, ಆದರೆ ನೌಕರಿ ಸಿಗಲಿಲ್ಲ. ಕೊನೆಗೆ ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್‌ರ ತಂದೆಯ ಶಿಫಾರಸಿನಿಂದ 1902ರಲ್ಲಿ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಕೆಲಸ ದೊರೆಯಿತು.

ಆ ಕಚೇರಿಯಲ್ಲಿ ಕುಳಿತಿದ್ದಾಗಲೇ 1907ರಲ್ಲಿ ಅವರಿಗೊಂದು ವಿಚಾರ ಹೊಳೆಯಿತು. ಎತ್ತರದಿಂದ ಬೀಳುತ್ತಿರುವ ಮನುಷ್ಯನಿಗೆ ತನ್ನ ಭಾರವೇ ತಿಳಿಯುವುದಿಲ್ಲ. ಎಷ್ಟು ಸರಳವಾದ ಮಾತು! ಅದನ್ನು ಗಣಿತಕ್ಕೆ ಇಳಿಸಲು ಎಂಟು ವರ್ಷ ಹಿಡಿಯಿತು. ಅದಕ್ಕೆ ಬೇಕಾದ ಜ್ಯಾಮಿತಿ ಗೊತ್ತಿಲ್ಲದೆ ಮತ್ತೆ ಗ್ರಾಸ್‌ಮನ್‌ರ ನೆರವನ್ನೇ ಪಡೆದರು. 1915ರ ನವೆಂಬರ್‌ನಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಪೂರ್ಣಗೊಂಡಿತು. ವಸ್ತುಗಳು ತಮ್ಮ ಸುತ್ತಲಿನ ದೇಶ-ಕಾಲವನ್ನು ಬಾಗಿಸುತ್ತವೆ ಎಂಬುದು ಅದರ ಸಾರ. ಆ ಬಾಗು ಅಲೆಯಾಗಿ ಬೆಳಕಿನ ವೇಗದಲ್ಲಿ ಹರಡಬಲ್ಲದು ಎಂದು 1916ರಲ್ಲಿ ಬರೆದರು. ಲೆಕ್ಕದಲ್ಲಿ ನುಸುಳಿದ್ದ ತಪ್ಪನ್ನು 1918ರಲ್ಲಿ ತಿದ್ದಿದರು.

ನಾಜಿಗಳ ಆಡಳಿತ ಬಂದ ಮೇಲೆ ಜರ್ಮನಿಗೆ ಮರಳದೆ 1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಸೇರಿದರು. 1936ರಲ್ಲಿ ಸಹಾಯಕ ನೇಥನ್ ರೋಸೆನ್‌ರೊಡನೆ ಲೆಕ್ಕ ಹಾಕಿ, ಇಂತಹ ಅಲೆಗಳೇ ಇಲ್ಲವೆಂಬ ತೀರ್ಮಾನಕ್ಕೆ ಬಂದು ಫಿಸಿಕಲ್ ರಿವ್ಯೂ ಪತ್ರಿಕೆಗೆ ಪ್ರಬಂಧ ಕಳುಹಿಸಿದರು. ಸಂಪಾದಕರು ಅದನ್ನು ತಜ್ಞರೊಬ್ಬರ ಪರಿಶೀಲನೆಗೆ ಕೊಟ್ಟರು. ಐನ್‌ಸ್ಟೈನ್‌ರ ಬರಹವನ್ನು ಹಾಗೆ ಪರಿಶೀಲನೆಗೆ ಕೊಡುವ ಧೈರ್ಯ ಎಷ್ಟು ಸಂಪಾದಕರಿಗಿದ್ದೀತು! ತಜ್ಞರು ತಪ್ಪನ್ನು ತೋರಿಸಿಕೊಟ್ಟರು. ಐನ್‌ಸ್ಟೈನ್ ಸಿಟ್ಟಿನಿಂದ ಪ್ರಬಂಧವನ್ನೇ ಹಿಂದಕ್ಕೆ ಪಡೆದರು. ಆದರೆ ತಪ್ಪು ಮನವರಿಕೆಯಾದ ಮೇಲೆ ತೀರ್ಮಾನ ಬದಲಿಸಿ, 1937ರಲ್ಲಿ ಬೇರೊಂದು ಪತ್ರಿಕೆಯಲ್ಲಿ ಪ್ರಕಟಿಸಿದರು. 1955ರ ಏಪ್ರಿಲ್ 18ರಂದು ಅವರು ನಿಧನರಾದಾಗ ಆ ಅಲೆಗಳು ಇನ್ನೂ ಯಾರಿಗೂ ಸಿಕ್ಕಿರಲಿಲ್ಲ.

2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೈಗೊ ಉಪಕರಣಗಳು ಅವನ್ನು ಮೊದಲ ಬಾರಿಗೆ ಗುರುತಿಸಿದವು. ಆದರೆ ಬೃಹತ್ ಕಪ್ಪುಕುಳಿಗಳಿಂದ ಹೊರಡುವ ನಿಧಾನಗತಿಯ ಅಲೆಗಳು ಭೂಮಿಯ ಕಂಪನದಲ್ಲಿ ಮುಚ್ಚಿಹೋಗುತ್ತವೆ. ಅವನ್ನು ಹಿಡಿಯಲು ಬಾಹ್ಯಾಕಾಶಕ್ಕೇ ಹೋಗಬೇಕು. ಆ ತಂತ್ರಜ್ಞಾನವನ್ನು ಪರೀಕ್ಷಿಸಲೆಂದೇ ಯುರೋಪಿನ ಬಾಹ್ಯಾಕಾಶ ಸಂಸ್ಥೆ 2015ರ ಡಿಸೆಂಬರ್ 3ರಂದು ಲೀಸಾ ಪಾಥ್‌ಫೈಂಡರ್ ನೌಕೆಯನ್ನು ಉಡಾಯಿಸಿತು. ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿ, ನೌಕೆಯೊಳಗೆ ಚಿನ್ನ ಮತ್ತು ಪ್ಲಾಟಿನಂ ಬೆರೆಸಿದ ಎರಡು ಘನಗಳು ಏನನ್ನೂ ತಾಗದೆ ತೇಲುತ್ತಿದ್ದವು. ಒಂದೊಂದರ ಬದಿ 46 ಮಿ.ಮೀ., ತೂಕ ಸುಮಾರು 2 ಕಿಲೋ, ನಡುವೆ 38 ಸೆಂ.ಮೀ. ಅಂತರ. ಬರ್ನ್ ಕಚೇರಿಯಲ್ಲಿ ಹೊಳೆದ ಬೀಳುವ ಮನುಷ್ಯನ ಸ್ಥಾನದಲ್ಲಿ ಈಗ ಈ ಘನಗಳಿದ್ದವು. ಸೂರ್ಯನ ಬೆಳಕಿನ ಒತ್ತಡದಿಂದ ನೌಕೆ ತುಸು ಸರಿದರೂ ಪುಟ್ಟ ಥ್ರಸ್ಟರ್‌ಗಳು ಅದನ್ನು ಸ್ವಸ್ಥಾನಕ್ಕೆ ತರುತ್ತಿದ್ದವು. ಘನಗಳ ಅಂತರವನ್ನು ಲೇಸರ್ ಕಿರಣ ಅಳೆಯುತ್ತಿತ್ತು. ಇಷ್ಟು ಚಿಕ್ಕ ಅಂತರದಲ್ಲಿ ಅಲೆ ಸಿಗುವುದಿಲ್ಲ. ಘನಗಳು ನಿಜಕ್ಕೂ ಅಡ್ಡಿಯಿಲ್ಲದೆ ಬೀಳಬಲ್ಲವೇ ಎಂಬುದಷ್ಟೇ ಪ್ರಶ್ನೆ. 2016ರಲ್ಲಿ ಬಂದ ಫಲಿತಾಂಶ ನಿರೀಕ್ಷೆಗಿಂತ ಐದು ಪಟ್ಟು ಉತ್ತಮವಾಗಿತ್ತು. 2017ರಲ್ಲಿ ನೌಕೆಯ ಕೆಲಸ ಮುಗಿಯಿತು. ತಲಾ 25 ಲಕ್ಷ ಕಿ.ಮೀ. ಅಂತರದಲ್ಲಿ ತ್ರಿಕೋನವಾಗಿ ಸಾಗುವ ಮೂರು ನೌಕೆಗಳ ಲೀಸಾ ಯೋಜನೆಗೆ 2024ರ ಜನವರಿಯಲ್ಲಿ ಒಪ್ಪಿಗೆ ದೊರೆತಿದ್ದು, 2035ರಲ್ಲಿ ಅವನ್ನು ಉಡಾಯಿಸುವ ಉದ್ದೇಶವಿದೆ.