ಬುಕಾನನ್ ಸಾಹೇಬನೂ ಚಾರೋಳಿ ಮರವೂ

ಸಿಹಿತಿಂಡಿಗಳ ಮೇಲೆ ಉದುರಿಸುವ ಚಾರೋಳಿ ಬೀಜವನ್ನು ಅನೇಕರು ಬಲ್ಲರು. ಅದು ಮಾವಿನ ಕುಟುಂಬಕ್ಕೆ ಸೇರಿದ, ಸಣ್ಣ ಬಿಳಿಯ ಹೂಗೊಂಚಲು ಬಿಡುವ ಒಂದು ಮರದ ಬೀಜ. ಪೊದೆಗಳೂ ಕಿರುಮರಗಳೂ ಕೂಡಿದ ಆ ಕುಲಕ್ಕೆ ಸಸ್ಯಶಾಸ್ತ್ರದಲ್ಲಿ ಬುಕನಾನಿಯ ಎಂದು ಹೆಸರು. ಜರ್ಮನಿಯ ಪಂಡಿತ ಸ್ಪ್ರೆಂಗೆಲ್ ಹೀಗೆ ಗೌರವಿಸಿದ ಫ್ರಾನ್ಸಿಸ್ ಬುಕಾನನ್ ನಮ್ಮ ದೊಡ್ಡಬಳ್ಳಾಪುರವನ್ನೂ ಹಾದುಹೋದವನು.

ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಎಡಿನ್‌ಬರೋದಲ್ಲಿ ಜಾನ್ ಹೋಪ್ ಎಂಬ ಗುರುವಿನಿಂದ ಸಸ್ಯಶಾಸ್ತ್ರ ಕಲಿತು, 1783ರಲ್ಲಿ ವೈದ್ಯಪದವಿ ಪಡೆದನು. ಕೆಲಕಾಲ ಹಡಗುಗಳಲ್ಲಿ ವೈದ್ಯನಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದನು. ಮರುವರ್ಷವೇ ರಾಯಭಾರಿಯೊಡನೆ ಬರ್ಮಾಕ್ಕೆ ಹೋಗಿ ಅಲ್ಲಿನ ಗಿಡಮರಗಳನ್ನು ಸಂಗ್ರಹಿಸಿದನು.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯನ್ನು ಅರಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನನನ್ನು ನೇಮಿಸಿದನು. 1800ರ ಏಪ್ರಿಲಿನಲ್ಲಿ ಮದರಾಸು ಬಿಟ್ಟ ಆತನು ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಒಂದು ವರ್ಷಕ್ಕೂ ಮೀರಿ ಸುತ್ತಿದನು. ಹೋದಲ್ಲೆಲ್ಲ ಮಣ್ಣು, ಕೆರೆ, ನೇಗಿಲು, ಮಗ್ಗ, ಕೂಲಿ, ಗೇಣಿ ಎಲ್ಲವನ್ನೂ ವಿಚಾರಿಸಿದನು. ಬೆಂಗಳೂರಿನ ಲಾಲ್‌ಬಾಗನ್ನೂ ನೇಕಾರರನ್ನೂ ಕಂಡನು. ಒಣಭೂಮಿಯ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದು ಬರೆದನು. ಈ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಈ ಶ್ರಮವೆಲ್ಲ ಕಂಪನಿಯ ಹಿತಕ್ಕಾಗಿಯೇ ಹೊರತು ರೈತನ ಮೇಲಿನ ಮರುಕದಿಂದಲ್ಲ. ಮೇಲಾಗಿ, ಜನರ ಮಾತು ಆತನಿಗೆ ದುಭಾಷಿಗಳ ಮೂಲಕವೇ ತಿಳಿಯಬೇಕಿತ್ತು. ಆದರೂ ಅರಸರ ಯುದ್ಧಗಳಿಂದ ತುಂಬಿದ ಚರಿತ್ರೆಯಲ್ಲಿ ಉಳುವವನ ಲೆಕ್ಕಕ್ಕೂ ಜಾಗ ಸಿಕ್ಕಿತು. ಮನೆತನದಲ್ಲೇ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರಿಗೆ, ನಮ್ಮ ಹಿರಿಯರು ಹೇಗೆ ಬಾಳಿದರೆಂದು ತಿಳಿಯಲು ಇಂಥ ಬರಹಗಳೇ ಆಧಾರ.

ಮುಂದೆ ಬುಕಾನನ್ ನೇಪಾಳಕ್ಕೆ ಹೋಗಿಬಂದನು; 1807ರಿಂದ ಏಳು ವರ್ಷ ಬಂಗಾಳದ ಸೀಮೆಗಳನ್ನು ಸರ್ವೆ ಮಾಡಿದನು; ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನೂ ಆದನು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ, ಬಹುಕಾಲ ಕೂಡಿಸಿದ್ದ ಚಿತ್ರಗಳನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಕಂಪನಿಯ ಸ್ವತ್ತೆಂದು ತೆಗೆದುಕೊಂಡನು. ಆ ನೋವಿನಲ್ಲೂ ಆತನು ಕೈಕಟ್ಟಿ ಕೂರಲಿಲ್ಲ. 1822ರಲ್ಲಿ ಗಂಗೆಯ ಮೀನುಗಳ ಕುರಿತು ಗ್ರಂಥ ಪ್ರಕಟಿಸಿದನು. ಇಂದು ನಮ್ಮ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ ಮೀನುಗಳ ಶಾಸ್ತ್ರೀಯ ವಿವರಣೆ ಅದರಲ್ಲಿದೆ. ಹ್ಯಾಮಿಲ್ಟನ್ ಎಂಬ ಹೆಸರನ್ನೂ ಧರಿಸಿದ್ದ ಆತನು 1829ರಲ್ಲಿ ತೀರಿಕೊಂಡನು.

ಬುಕಾನನನ ಹೆಸರು ಒಂದು ಮರದಲ್ಲಿ ಉಳಿಯಿತು. ಆತನಿಗೆ ಬೆಳೆ, ಗಿಡ, ಕಸುಬುಗಳ ವಿವರ ಹೇಳಿಕೊಟ್ಟ ಹಳ್ಳಿಗರ ಹೆಸರು ಯಾವ ಮರಕ್ಕೂ ಇಲ್ಲ. ಓದು ಬರಹ ಕಲಿತ ನಾವು ಅವರ ತಿಳಿವಳಿಕೆಯನ್ನು ನಮ್ಮ ಭಾಷೆಯಲ್ಲೇ ಬರೆದಿಡಬೇಕು. ಆ ಋಣ ನಮ್ಮ ಮೇಲಿದೆ.