ದೇಹದ ಕಿರಣವನ್ನಳೆದ ರೋಲ್ಫ್ ಸೀವರ್ಟ್

ನಾವು ದಿನನಿತ್ಯ ಉಣ್ಣುವ ಅನ್ನ, ಮುದ್ದೆ, ಸೊಪ್ಪು, ಬಾಳೆಹಣ್ಣುಗಳಲ್ಲಿ ವಿಕಿರಣ ಸೂಸುವ ಪರಮಾಣುಗಳಿವೆಯೆಂದು ಹಳ್ಳಿಯ ಮನೆಯಲ್ಲಿ ಹೇಳಿದರೆ, ಕಾಲೇಜು ಸೇರಿ ಹುಡುಗನ ತಲೆ ಕೆಟ್ಟಿತೆಂದಾರು. ಆದರೂ ಮಾತು ನಿಜ. ಅವುಗಳಿಂದ ಮನುಷ್ಯನಿಗೆ ತಗಲುವುದೆಷ್ಟು ಎಂಬುದನ್ನು ಅಳೆಯುವ ಕಾರ್ಯದಲ್ಲಿ ಆಯುಷ್ಯ ಸವೆಸಿದ ಮಹನೀಯರಲ್ಲಿ ಸ್ವೀಡನ್ನಿನ ರೋಲ್ಫ್ ಸೀವರ್ಟ್ ಅಗ್ರಗಣ್ಯರು.

ಅವರು ಜನಿಸಿದ್ದು ೧೮೯೬ರ ಮೇ ೬ರಂದು, ಸ್ಟಾಕ್‌ಹೋಮಿನಲ್ಲಿ. ತಂದೆ ಜರ್ಮನಿಯಿಂದ ಬಂದು ಕೇಬಲ್ ತಯಾರಿಕೆಯಿಂದ ಸಿರಿವಂತರಾದವರು. ಮಗನಿಗೆ ಕಾರ್ಖಾನೆಯ ಲೆಕ್ಕಕ್ಕಿಂತ ಭೌತಶಾಸ್ತ್ರದ ಲೆಕ್ಕ ಹಿಡಿಸಿತು. ೧೯೨೪ರಲ್ಲಿ ರೇಡಿಯಂಹೆಮೆಟ್ ಎಂಬ ಅರ್ಬುದರೋಗದ ಆಸ್ಪತ್ರೆಯಲ್ಲಿ ಭೌತಪ್ರಯೋಗಶಾಲೆಯ ಮುಖ್ಯಸ್ಥರಾದರು. ಆ ಕಾಲದಲ್ಲಿ ಕ್ಷ-ಕಿರಣದ ಪ್ರಮಾಣವನ್ನು ರೋಗಿಯ ಚರ್ಮ ಕೆಂಪಾಗುವುದನ್ನು ನೋಡಿ ಅಂದಾಜು ಮಾಡುವುದಿತ್ತು! ಚರ್ಮವೇ ಅಳತೆಗೋಲಾದರೆ ರೋಗಿಯ ಪಾಡೇನು? ಸೀವರ್ಟರು ಅದಕ್ಕೆಂದೇ ಪುಟ್ಟ ಅಯಾನು ಕೋಶಗಳನ್ನು ನಿರ್ಮಿಸಿದರು. ೧೯೨೮ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನವು ವಿಕಿರಣ ರಕ್ಷಣೆಗಾಗಿ ರಚಿಸಿದ ಸಮಿತಿಯ ಮೊದಲ ಸದಸ್ಯರಲ್ಲಿ ಅವರೂ ಒಬ್ಬರು.

ಆದರೆ ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅವರ ಇನ್ನೊಂದು ಸಾಹಸ. ಮನುಷ್ಯದೇಹದಿಂದಲೇ ಹೊರಡುವ ಗ್ಯಾಮಾ ಕಿರಣಗಳನ್ನು ಅವರು ಅಳೆಯಹೊರಟರು. ಆಕಾಶದಿಂದ ವಿಶ್ವಕಿರಣ, ಸುತ್ತಲ ಕಲ್ಲುಗಳಿಂದ ಬೇರೆ ಕಿರಣ; ಈ ಗದ್ದಲದಲ್ಲಿ ದೇಹದ ಪಿಸುದನಿ ಕೇಳಿಸುವುದು ಹೇಗೆ? ನೆಲದಡಿಯ ಬಂಡೆಯೊಳಗಿನ ಪ್ರಯೋಗಶಾಲೆಯಲ್ಲಿ ನೀರಿನ ತೊಟ್ಟಿಗಳನ್ನೇ ಗೋಡೆಯಾಗಿಸಿಕೊಂಡು, ಅಧಿಕ ಒತ್ತಡದ ಅನಿಲ ತುಂಬಿದ ಕೋಶಗಳಿಂದ ಅಳೆದು, ೧೯೫೧ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಈ ಕಿರಣದ ಮುಖ್ಯ ಮೂಲ ಆಹಾರದ ಪೊಟಾಸಿಯಂ. ಭೂಮಿಯ ಪೊಟಾಸಿಯಮ್ಮಿನಲ್ಲಿ ಶೇಕಡಾ ೦.೦೧೨ರಷ್ಟು ಪೊಟಾಸಿಯಂ-೪೦ ಎಂಬ ವಿಕಿರಣಶೀಲ ಬಗೆ. ಒಂದು ಗ್ರಾಂ ಪೊಟಾಸಿಯಮ್ಮಿನಲ್ಲಿ ಸೆಕೆಂಡಿಗೆ ಸುಮಾರು ೩೧ ಪರಮಾಣುಗಳು ಒಡೆಯುತ್ತವೆ. ಆ ಲೆಕ್ಕದಲ್ಲಿ ಒಂದು ಬಾಳೆಹಣ್ಣಿನಲ್ಲಿ ಹತ್ತು-ಹದಿನೈದು. ತಿನ್ನುವವನ ದೇಹದಲ್ಲೋ ನಾಲ್ಕು ಸಾವಿರದಷ್ಟು! ಹಣ್ಣು ಮನುಷ್ಯನಿಗೆ ಹೆದರಬೇಕೇ ಹೊರತು ಮನುಷ್ಯ ಹಣ್ಣಿಗಲ್ಲ. ಹೆಚ್ಚು ತಿಂದರೆ ಅದು ಶೇಖರವಾಗುವುದೂ ಇಲ್ಲ. ದೇಹವು ತನಗೆ ಬೇಕಾದಷ್ಟು ಪೊಟಾಸಿಯಂ ಇಟ್ಟುಕೊಂಡು ಮಿಕ್ಕಿದ್ದನ್ನು ಮೂತ್ರಪಿಂಡಗಳ ಮೂಲಕ ಹೊರಗೆ ಕಳಿಸುತ್ತದೆ. ಆಹಾರದ ಪೊಲೋನಿಯಂ, ರೇಡಿಯಂಗಳಿಗೆ ಮಾತ್ರ ಇಂಥ ಕಡಿವಾಣವಿಲ್ಲ. ರೇಡಿಯಂ ಸುಣ್ಣದ ಜಾತಿಯದಾದ್ದರಿಂದ ಮೂಳೆಯಲ್ಲಿ ನೆಲೆಸುತ್ತದೆ.

ಇದು ಬರಿಯ ಕುತೂಹಲದ ಅಳತೆಯಾಗಿರಲಿಲ್ಲ. ಬಲಿಷ್ಠ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬು ಸಿಡಿಸುತ್ತಿದ್ದ ಕಾಲವದು. ಬಾಂಬಿನ ಧೂಳು ಹುಲ್ಲಿಗೆ ಬಿದ್ದು, ಹಸುವಿನ ಹಾಲಿನ ಮೂಲಕ ಮಕ್ಕಳ ಹೊಟ್ಟೆಗೆ ಸೇರುತ್ತಿತ್ತು. ಪ್ರಕೃತಿ ಬಡಿಸಿದ್ದೆಷ್ಟೆಂದು ತಿಳಿಯದೆ ಮನುಷ್ಯ ಬೆರೆಸಿದ್ದು ಹೆಚ್ಚೋ ಕಡಿಮೆಯೋ ಎಂದು ಹೇಳುವುದೆಂತು? ಈ ಪರಿಶೀಲನೆಗಾಗಿ ೧೯೫೫ರಲ್ಲಿ ವಿಶ್ವಸಂಸ್ಥೆ ನೇಮಿಸಿದ ವೈಜ್ಞಾನಿಕ ಸಮಿತಿಗೆ ಸೀವರ್ಟರು ೧೯೫೮ರಿಂದ ೧೯೬೦ರವರೆಗೆ ಅಧ್ಯಕ್ಷರಾಗಿದ್ದರು. ಬಯಲಿನ ಸ್ಫೋಟಗಳನ್ನು ನಿಷೇಧಿಸುವ ಒಪ್ಪಂದವಾದದ್ದು ೧೯೬೩ರಲ್ಲಿ. ಎಲ್ಲ ರಾಷ್ಟ್ರಗಳೂ ಅದಕ್ಕೆ ಸಹಿ ಹಾಕಲಿಲ್ಲವೆಂಬುದು ಬೇರೆ ಮಾತು.

ಸೀವರ್ಟರು ೧೯೬೬ರ ಅಕ್ಟೋಬರ್ ೩ರಂದು ಕಾಲವಾದರು. ೧೯೭೯ರಲ್ಲಿ ವಿಕಿರಣದ ಜೈವಿಕ ಪರಿಣಾಮದ ಏಕಮಾನಕ್ಕೆ ಅವರ ಹೆಸರಿಟ್ಟರು. ಆ ಏಕಮಾನದಲ್ಲಿ, ಪ್ರಕೃತಿಯಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ ತಗಲುವುದು ೨.೪ ಮಿಲಿಸೀವರ್ಟ್, ಅದರಲ್ಲಿ ಅನ್ನಾಹಾರಗಳ ಪಾಲು ಸುಮಾರು ೦.೩.